ಅಕ್ಕಿ ಬೆವರಿದ ಹಡಗು

ನದಿ ಸಮುದ್ರಕ್ಕೆ ಸೇರುವಲ್ಲಿ ಒಂದು ಆಶ್ರಮ. ಅಲ್ಲಿನ ಶಿಷ್ಯ ವಾಮನಯ್ಯ ಅವತ್ತು ಹಡಗಿನಿಂದ ಇಳಿದದ್ದಲ್ಲ, ಹಾರಿದ್ದು. ಮುಖ ನಿಗಿನಿಗಿ ಕೆಂಡ.

"ಗುರುಗಳೇ, ಆ ಜಟ್ಟಿ ಖಾರ್ವಿ ಇನ್ನು ಹಡಗು ಹತ್ತಬಾರದು. ಸಮುದ್ರದ ನೀರು ಒಳಗೆ ಬಿಟ್ಟು ಅಕ್ಕಿಯೆಲ್ಲ ಹಾಳು ಮಾಡಿದ, ಕಳ್ಳ!"

ಹಸಿದ ದ್ವೀಪದ ಜನರಿಗೆಂದು ಆಶ್ರಮದಿಂದ ನೂರು ಮೂಟೆ ಕುಚ್ಚಲಕ್ಕಿ ಹೋಗಿತ್ತು. ಅಲ್ಲಿ ಬಿಚ್ಚಿದರೆ ಬರೀ ಬೂಷ್ಟು. ನಾಯಿ ಕೂಡ ಮೂಸಲಿಲ್ಲವಂತೆ; ಮೂಟೆಗಳು ಹಾಗೇ ವಾಪಸು ಬಂದಿದ್ದವು.

ಹಡಗು ನಡೆಸುವ ಜಟ್ಟಿ ಹಿಂದೆಯೇ ಬಂದ. "ಮೂವತ್ತು ವರ್ಷ ಈ ಹಡಗಲ್ಲೇ ಉಂಡವ ನಾನು. ಕಳ್ಳ ಅಂದ್ರೆ ನಾಲಿಗೆ ಸೀಳ್ತೆ, ಅಯ್ಯಾ. ಎಲ್ಲಿ ತೂತಿತ್ತು, ಬಂದು ಕಾಣಿ!"

ಗುರುಗಳು ಹಡಗಿನ ಹೊಟ್ಟೆಗಿಳಿದರು. ಅಡಿ ಒಣಗಿತ್ತು. ಮೇಲೆ ಮುಚ್ಚಿದ ಹಲಗೆಯ ಒಳಮೈಯಲ್ಲಿ ಮಾತ್ರ ಹನಿ ಸಾಲುಗಟ್ಟಿತ್ತು. ಒಂದು ಹನಿ ನಾಲಿಗೆಗೆ ಹಚ್ಚಿದರು.

"ಉಪ್ಪಿಲ್ಲ. ಹಲಗೆಗೆ ಮೊಳೆ ಹೊಡೆದವರು ಯಾರು?"

"ನಾನೇ!" ವಾಮನಯ್ಯ ಎದೆಯುಬ್ಬಿಸಿದ. "ಮೇಲೆ ಟಾರ್ಪಾಲು ಬಿಗಿದೆ. ಹನ್ನೊಂದು ದಿನ ಅದರ ಮೇಲೇ ಕೂತೆ. ಇವನೋ, ದಿನಾ ಮಧ್ಯಾಹ್ನ 'ತೆಗೀರಿ, ಗಾಳಿಯಾಡ್ಲಿ, ಅಕ್ಕಿ ಬೆವರ್ತದೆ' ಅನ್ನೋನು. ಅಕ್ಕಿಗೂ ಬೆವರಂತೆ! ಕದಿಯೋಕೆ ನೆಪ ಬೇಡವೇ?"

"ಕುಚ್ಚಲಕ್ಕಿಗೆ ಬೇಯಿಸಿದ ಭತ್ತ ಎಷ್ಟು ದಿನ ಬಿಸಿಲು ಕಂಡಿತ್ತು?"

ವಾಮನಯ್ಯ ಕಾಲ ಬೆರಳಿಂದ ಹಲಗೆ ಕೆರೆದ.

"ನಾಲ್ಕು ಬೇಕಿತ್ತು..."

"ಎಷ್ಟು?"

"ಎರಡು."

ದ್ವೀಪದಲ್ಲಿ ಹಾರ ಹಾಕಿಸಿಕೊಳ್ಳುವ ಅವಸರ ಮಹಾಶಯನಿಗೆ! ಹೊಸ ಶಲ್ಯ ಮಡಿಸಿಟ್ಟುಕೊಂಡು ಹೋಗಿದ್ದ ಎಂಬುದು ಅಡುಗೆಮನೆಯ ಹೆಂಗಸರಿಗೆಲ್ಲ ಗೊತ್ತಿತ್ತು. ಗುರುಗಳ ಕಿವಿಗೂ ಅದು ಬಿದ್ದಿರಬೇಕು. ಅವರ ಹಣೆಯ ನರ ಎದ್ದಿತು.

"ಆ ಟಾರ್ಪಾಲು ತಾ."

ನಡು ಮಧ್ಯಾಹ್ನದ ಮರಳಲ್ಲಿ ಅವನನ್ನು ಕೂರಿಸಿದರು. ಕುತ್ತಿಗೆಯವರೆಗೆ ಟಾರ್ಪಾಲು ಸುತ್ತಿ ಹಗ್ಗ ಬಿಗಿದರು.

"ಗುರುಗಳೇ, ನಾನೇನು ಮೂಟೆಯೇ?"

"ಬಾಯಿ ಮುಚ್ಚು."

ಅವನು ಬೇಡಿದ, ಬೈದ, ಕೊನೆಗೆ ಜಟ್ಟಿಯ ಕಡೆ ನೋಡಿ ಹಲ್ಲು ಕಡಿದ. ಜಟ್ಟಿ ಆಕಾಶ ನೋಡುತ್ತಾ ಬೀಡಿ ಹಚ್ಚಿದ.

ಹಡಗಿನ ನೆರಳು ಎರಡು ಮೊಳ ಸರಿದ ಮೇಲೆ ಗುರುಗಳು ಹಗ್ಗ ಬಿಚ್ಚಿದರು. ವಾಮನಯ್ಯನ ಪಂಚೆ ಮೈಗಂಟಿತ್ತು. ಹಿಂಡಿದರೆ ಒಂದು ಚೊಂಬು ನೀರು.

"ನೋಡಿ, ಪೂರ್ತಿ ತೊಯ್ದುಹೋದೆ!" ಎಂದು ಅವನು ಅರಚಿದ.

ಗುರುಗಳು ಟಾರ್ಪಾಲನ್ನು ಅವನ ಕಾಲ ಬುಡಕ್ಕೆ ಎಸೆದರು.

"ಜಟ್ಟಿ ಅಲ್ಲೇ ನಿಂತಿದ್ದಾನೆ. ಯಾವ ತೂತಿನಿಂದ ನೀರು ಬಿಟ್ಟ, ಕೇಳು."