ಹಲ್ಲು ತೋರಿಸಲು ಹೊರಟ ಜೀಪು

ಭಗವಂತ ಗಾಳಿಯನ್ನು ಎಲ್ಲ ಜೀವಗಳಿಗೂ ಸೇರಿಸಿಯೇ ಕೊಟ್ಟಿದ್ದಾನೆ. ಪುಟ್ಟತಾಯಮ್ಮನವರ ಜೀಪಿನ ಶೆಡ್ಡಿನ ಸೂರಿನಲ್ಲಿ ಗುಬ್ಬಿಯೊಂದು ಮರಿ ಮಾಡಿತ್ತು.

"ಜೀಪಣ್ಣ, ನಿನ್ನ ಹೊಗೆಗೆ ಮರಿಗಳು ಬಾಡುತ್ತಿವೆ. ಪಟ್ಟಣದಲ್ಲಿ ನಿನಗೇನು ಕೆಲಸ?"

"ಅಮ್ಮನವರ ಹಲ್ಲು ಡಾಕ್ಟರಿಗೆ ತೋರಿಸಬೇಕು. ಅವರು ಬಾಯೊಳಗೆ ಇಣುಕಿ, 'ವಾಸಿಯಾಗುತ್ತಿದೆ, ಮತ್ತೆ ಬನ್ನಿ' ಎನ್ನುತ್ತಾರೆ."

"ಇಣುಕಲು ಇಷ್ಟು ಹೊಗೆಯೇ?"

"ನಾನಿಲ್ಲದೆ ಅಮ್ಮನವರ ಗತಿಯೇನು?" ಎಂದು ಗದರಿ ಜೀಪು ಹೊರಟಿತು.

ಮುಂದಿನ ಸಲ ಡಾಕ್ಟರು ಫೋನಿನ ವಿಡಿಯೊದಲ್ಲೇ ಹಲ್ಲು ನೋಡಿ, "ಇಲ್ಲಿಗೆ ಬರುವುದು ಬೇಡಮ್ಮ" ಎಂದರು. ಜೀಪು ಶೆಡ್ಡಿನಲ್ಲೇ ಉಳಿಯಿತು, ಗಾಳಿ ತಿಳಿಯಾಯಿತು.

"ಗುಬ್ಬಕ್ಕ, ಇವತ್ತು ಹೊಗೆಯಿಲ್ಲ. ಮರಿಗಳು ಹೇಗಿವೆ?"

ಗುಬ್ಬಿ ಕೊಕ್ಕಿನ ಹುಳುವನ್ನು ಕೆಳಗಿಟ್ಟಿತು. "ನಿನ್ನೆಯೇ ತೀರಿಕೊಂಡವು, ಅಣ್ಣ. ರೂಢಿ ಬಿಡದೆ ಇದನ್ನು ತಂದುಬಿಟ್ಟೆ."

ಆ ಪುಟ್ಟ ಜೀವಗಳನ್ನು ದೇವರು ಮಡಿಲಿಗೆ ಹಾಕಿಕೊಳ್ಳಲಿ. ಹೊರಡುವ ಮುನ್ನ ಯೋಚಿಸುವ ಬುದ್ಧಿಯನ್ನು ನಮಗೆ ಕೊಡಲಿ.