ದೀಪ ಹಚ್ಚಿದ ಮೇಲಿನ ಬೀದಿ

ಶಿಷ್ಯನೊಬ್ಬನಿಗೆ ಅವನ ಊರಿನವರು ಒಂದು ಕೆಲಸ ಒಪ್ಪಿಸಿದ್ದರು. ಹಾಳುಬಿದ್ದ ಹಳೆಯ ಪೇಟೆ ಬೀದಿಗೆ ಅವನು ಮತ್ತೆ ಜೀವ ತರಬೇಕಿತ್ತು. ಅವನು ಗುರುಗಳ ಬಳಿಗೆ ಬಂದು ಕೇಳಿದ: "ಗುರುಗಳೇ, ಬಿಟ್ಟುಹೋದ ಜನ ಮತ್ತೆ ಬಂದು ನಡೆದಾಡಬೇಕಾದರೆ ಆ ಬೀದಿಯಲ್ಲಿ ಏನು ಕಟ್ಟಬೇಕು?"

ಗುರುಗಳು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಅವನ ಅಂಗಡಿಯ ಗೋಡೆಗೆ ಅಂಟಿಕೊಂಡೇ ಇನ್ನೊಬ್ಬನ ಬಟ್ಟೆ ಅಂಗಡಿ. ಆ ಪೇಟೆಯಲ್ಲಿ ಒಂದು ರೂಢಿಯಿತ್ತು. ಸಂಜೆ ದೀಪ ಹಚ್ಚಿದ ಮೇಲೆ ವ್ಯಾಪಾರಿ ಕೆಳಗಿಳಿದು ಬೀದಿಯ ತುದಿಯವರೆಗೆ ಅಡ್ಡಾಡಿ ಬರುವುದು. ಅಲ್ಲಿಯವರೆಗೆ ಅವನ ಅಂಗಡಿಯನ್ನು ಪಕ್ಕದವನು ನೋಡಿಕೊಳ್ಳುವುದು. ಆಮೇಲೆ ಪಕ್ಕದವನ ಸರದಿ.

"ಸ್ವಲ್ಪ ಅಂಗಡಿ ಕಡೆ ನೋಡ್ಕೋ," ಎನ್ನುತ್ತಿದ್ದ ಇವನು.

"ಹೋಗಿ ಬಾ, ನಾನಿದ್ದೀನಿ," ಎನ್ನುತ್ತಿದ್ದ ಅವನು.

ಹೀಗೆ ಬೀದಿಯಲ್ಲಿ ಮೊದಲು ನಡೆಯುತ್ತಿದ್ದವರು ವ್ಯಾಪಾರಿಗಳೇ. ಅವರು ಅಂಗಡಿಯ ಗದ್ದಿಗೆ ಬಿಟ್ಟು ಇಳಿದಾಗ ಕೊಳ್ಳಿ ಕೊಳ್ಳಿ ಎನ್ನುವ ಕಾಟವಿರುವುದಿಲ್ಲವೆಂದು ಊರಿನವರೂ ಹರಟೆಗೆ ಬರುತ್ತಿದ್ದರು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಅಳಿಯ ಮುನಿಸಿಕೊಂಡ, ಎಲ್ಲ ಅಲ್ಲೇ ತಿಳಿಯುತ್ತಿತ್ತು. ಮನೆಯಲ್ಲಿ ತುಟಿ ಬಿಚ್ಚದ ಗಂಡಸರೂ ಅಲ್ಲಿ ಬಾಯಿ ತುಂಬ ಮಾತಾಡುತ್ತಿದ್ದರು.

ಒಂದು ಸಂಜೆ ವ್ಯಾಪಾರಿ ತಿರುಗಿ ಬರುವಾಗ ಅವನ ಕಾಯಂ ಗಿರಾಕಿಯೊಬ್ಬಳು ಪಕ್ಕದ ಅಂಗಡಿಯಿಂದ ಬಟ್ಟೆಯ ಗಂಟು ಹಿಡಿದು ಇಳಿಯುತ್ತಿದ್ದಳು. ಅವಳಾಗಿ ಹೋದಳೋ, ಪಕ್ಕದವನೇ ಕರೆದನೋ? ವ್ಯಾಪಾರಿ ವಿಚಾರಿಸಲಿಲ್ಲ. ಮರುದಿನ ದೀಪ ಹಚ್ಚಿ ಗದ್ದಿಗೆಯ ಮೇಲೇ ಕೂತ. ಪಕ್ಕದವನು ಅವನ ಮುಖ ನೋಡಿದ, ತಾನೂ ಕೂತ. ಇಂಥದ್ದು ಹರಡಲು ತಡವೇನು? ಕೆಲವೇ ದಿನಗಳಲ್ಲಿ ಇಡೀ ಪೇಟೆ ಕೂತಿತು. ಕೂತವರು ಸುಮ್ಮನಿರಲಾರದೆ ದಾರಿಯಲ್ಲಿ ಹೋಗುವವರನ್ನೆಲ್ಲ ಕೂಗಿ ಕರೆದರು. ಕೊಳ್ಳುವುದಿಲ್ಲದವರು ಆ ಕಡೆ ತಲೆ ಹಾಕುವುದನ್ನೇ ಬಿಟ್ಟರು. ಖಾಲಿಯಾದ ಬೀದಿಗೆ ಗಾಡಿಗಳು ನುಗ್ಗಿದವು. ಊರ ಹೊರಗಿನ ರಸ್ತೆಯಲ್ಲಿ ಹೊಸ ಅಂಗಡಿಗಳು ಎದ್ದವು, ಕೊಳ್ಳುವವರೂ ಅತ್ತ ಹೋದರು.

ವ್ಯಾಪಾರಿಗೆ ವಯಸ್ಸಾಯಿತು. ಉಂಡು ಉಡಲು ಕೊರತೆಯಿರಲಿಲ್ಲ. ಆದರೆ ದೀಪ ಹಚ್ಚುವ ಹೊತ್ತಾದರೆ ಅವನ ಎದೆ ಬರಿದಾಗುತ್ತಿತ್ತು. ಯಾರೋ ಹೆಸರು ಹಿಡಿದು ಕರೆದಂತಾಗಿ ಹೊರಗೆ ಇಣುಕುತ್ತಿದ್ದ. ಕಣ್ಣು ಮುಚ್ಚುವುದರೊಳಗೆ ಆ ಬೀದಿ ಒಮ್ಮೆ ತುಂಬಿದ್ದನ್ನು ನೋಡಬೇಕು, ಅದರಲ್ಲಿ ತಾನೂ ನಡೆಯಬೇಕು. ಅವನಿಗೆ ಬೇರೆ ಆಸೆ ಉಳಿದಿರಲಿಲ್ಲ.

ಅವನು ಕೈಬಿಚ್ಚಿ ಖರ್ಚು ಮಾಡಿದ. ಗಾಡಿಗಳ ಓಡಾಟ ನಿಲ್ಲಿಸಿ ಬೀದಿಗೆಲ್ಲ ಕಲ್ಲು ಹಾಸಿಸಿದ. ನೆರಳಿಗೆ ಹೊಂಗೆ, ಕೂರಲು ಕಟ್ಟೆ, ಸಾಲು ದೀಪ, ಯಾವುದಕ್ಕೂ ಕಡಿಮೆ ಮಾಡಲಿಲ್ಲ. ಮೊದಲ ದಿನ ಊರಿಗೆ ಊರೇ ಬಂದು ಹೊಗಳಿ, ಹಂಚಿದ ಸಿಹಿ ತಿಂದು ಹೋಯಿತು. ಮರುದಿನ ಕಟ್ಟೆಯ ಮೇಲೆ ನಾಯಿಗಳು ಮಲಗಿದ್ದವು. ವ್ಯಾಪಾರಿಗಳು ತಮ್ಮ ತಮ್ಮ ಗದ್ದಿಗೆಯಲ್ಲಿ ಕೂತು, ನಡೆಯುವವರು ಬರಲೆಂದು ಬೀದಿಯನ್ನೇ ನೋಡುತ್ತಿದ್ದರು.

ಹಾಗೆ ನೋಡುತ್ತ ಕೂತಿದ್ದಾಗ ಒಂದು ಸಂಜೆ ವ್ಯಾಪಾರಿಗೆ ತಾನು ಇಷ್ಟು ವರ್ಷ ಕಾದದ್ದು 'ಹೋಗಿ ಬಾ, ನಾನಿದ್ದೀನಿ' ಎನ್ನುವ ಮಾತಿಗೆಂದು ಗೊತ್ತಾಯಿತು. ಅವನಿಗೆ ಅಳು ಬಂತು. ಮೆಲ್ಲಗೆ ಎದ್ದು, ಮೆಟ್ಟಿಲಿಳಿದು, ಪಕ್ಕದ ಅಂಗಡಿಯ ಮುಂದೆ ನಿಂತ. ಅವನಂತೆಯೇ ಮುದುಕನಾಗಿದ್ದ ಪಕ್ಕದವನು ಗಡಬಡಿಸಿ ಎದ್ದ. ಅಂಗಡಿ ನೋಡ್ಕೋ ಎನ್ನಬೇಕು, ಅಷ್ಟೇ.

"ವ್ಯಾಪಾರ ಹೇಗಿದೆ?" ಎಂದ ವ್ಯಾಪಾರಿ.

"ಪರವಾಗಿಲ್ಲ," ಎಂದ ಪಕ್ಕದವನು. ನಿಂತೇ ಇದ್ದ, ಇನ್ನೂ ಏನೋ ಕೇಳಿಸೀತೆಂದು.

ವ್ಯಾಪಾರಿ ತಲೆಯಾಡಿಸಿ, ಮತ್ತೆ ತನ್ನ ಮೆಟ್ಟಿಲು ಹತ್ತಿದ.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಆ ಬೀದಿ ಆಮೇಲೆ ಏನಾಯಿತೆಂದು ಕೇಳಿದ.

ಗುರುಗಳು ಹೇಳಿದರು: "ಅದಿರಲಿ, ಏನು ಕಟ್ಟಬೇಕೆಂದು ಕೇಳುವ ಮೊದಲು ಹೇಳು, ನಿಮ್ಮ ಪೇಟೆಯಲ್ಲಿ ನೀನು ಯಾರ ಮುಖ ತಪ್ಪಿಸಿಕೊಂಡು ಓಡಾಡುತ್ತೀಯೆ?"