ಸಂಕಷ್ಟಿಯ ಗರಿಕೆ

ಕಲಬುರಗಿಯ ಬೇಸಿಗೆ. ವತ್ಸಲಾಬಾಯಿಯವರ ಹೊಟ್ಟೆ ಉರಿಯುತ್ತಿದ್ದದ್ದು ಬಿಸಿಲಿಗಲ್ಲ, ಪಕ್ಕದ ಮನೆಯ ಪ್ರಮಿಳಾಬಾಯಿ ಮಷಿನ್ ಹೊಡೆಸಿ ನುಣ್ಣಗೆ ಇಟ್ಟಿದ್ದ ಫಾರಿನ್ ಹುಲ್ಲಿಗೆ!

"ನಮ್ಮ ಗರಿಕಿ ಕಿತ್ತು ಒಗಿ. ಅಂಥಾದ್ದೇ ಹುಲ್ಲು ಹಚ್ಚು," ಎಂದು ಮಾಲಿಗೆ ಗುಡುಗಿದರು.

ಆ ಹುಲ್ಲಿಗೆ ನೀರು ಹೊತ್ತರೆ ತನ್ನ ನಡು ಮುರಿಯುತ್ತದೆಂದು ಮಾಲಿಗೆ ಗೊತ್ತು. "ಆಗಲ್ರಿ ಬಾಯಾರ. ಇವತ್ತು ಸಂಕಷ್ಟಿ, ನಾಳೆ ಕೀಳ್ತೀನಿ," ಎಂದ. ಆಮೇಲೆ ಮೆಲ್ಲಗೆ ಕಾಂಪೌಂಡ್ ಬಳಿ ಹೋಗಿ ಪ್ರಮಿಳಾಬಾಯಿಯನ್ನು ಕೇಳಿದ: "ಬಾಯಾರ, ಗಣಪ್ಪಗ ಈ ಫಾರಿನ್ ಹುಲ್ಲೇ ಏರಸ್ತೀರೇನ್ರಿ?"

ಸಂಜೆ ಪ್ರಮಿಳಾಬಾಯಿ ತಟ್ಟೆ ಹಿಡಿದು ಗೇಟಿಗೆ ಬಂದರು. "ವತ್ಸಲಾಬಾಯಿ, ಒಂದು ಹಿಡಿ ಗರಿಕಿ ಕೊಡ್ತೀರೇನ್ರಿ?"

ವತ್ಸಲಾಬಾಯಿ ಅವರನ್ನು ಅಲ್ಲೇ ನಿಲ್ಲಿಸಿ, ಓಣಿಯೆಲ್ಲ ನೋಡಲಿ ಎಂದು ಒಂದೊಂದೇ ಎಳೆ ಆರಿಸಿ ಕೊಟ್ಟರು.

ಮರುದಿನ ಮಾಲಿ ಗುದ್ದಲಿ ಎತ್ತಿದ.

"ಗರಿಕಿ ಮುಟ್ಟೀಯ, ಜೋಕೆ!" ಎಂದು ಓಡಿಬಂದರು ವತ್ಸಲಾಬಾಯಿ. "ಆಕಿ ಅಂಗಳದಾಗ ಒಂದು ಎಳಿ ಗರಿಕಿ ಚಿಗುರಿದರೂ, ಹೋಗಿ ಅದನ್ನ ಕಿತ್ತು ಬಾ!"